ಕೋಲಾರದಲ್ಲಿ ಸೂರ್ಯಾಸ್ತ

ಶಿವಾಜಿನಗರದಲ್ಲಿ ದಾರಿ ಕೇಳಿದರೆ "ಉತ್ತರಕ್ಕೆ ಹೋಗಿ" ಎನ್ನುವ ಪುಣ್ಯಾತ್ಮ ನನಗೆ ಈವರೆಗೆ ಸಿಕ್ಕಿಲ್ಲ. "ಸೀದಾ ಹೋಗಿ ಮೇಡಂ, ಬಿರಿಯಾನಿ ಹೋಟ್ಲು ಬರ್ತದೆ, ಅಲ್ಲಿಂದ ಲೆಫ್ಟು" ಎನ್ನುತ್ತಾರೆ. ಹಲಸೂರಿನಲ್ಲಿ ಆ ಬಿರಿಯಾನಿ ಹೋಟೆಲಿನ ಸ್ಥಾನವನ್ನು ದೇವಸ್ಥಾನವೂ ಇಂದಿರಾನಗರದಲ್ಲಿ ಕಾಫಿ ಅಂಗಡಿಯೂ ಅಲಂಕರಿಸುತ್ತವೆ, ಅಷ್ಟೇ ವ್ಯತ್ಯಾಸ. ದಿಕ್ಕುಗಳ ಬಗೆಗಿನ ಈ ಸಾರ್ವತ್ರಿಕ ಔದಾಸೀನ್ಯ, ಭೂಗೋಳದಲ್ಲಿ ಸ್ನಾತಕೋತ್ತರ ಪದವಿ ಪಡೆದ ನನಗೆ ವೈಯಕ್ತಿಕ ಅವಮಾನದಂತೆ ತೋರುತ್ತದೆ. ಊಟಕ್ಕೆ ಕುಳಿತರೂ ಉಪ್ಪಿನಕಾಯಿ ಎಲೆಯ ವಾಯವ್ಯದಲ್ಲಿದೆ ಎಂಬುದು ಖಾತ್ರಿಯಾಗದೆ ನನಗೆ ತುತ್ತು ಇಳಿಯುವುದಿಲ್ಲ.

ಭೂಗೋಳ ಓದಿದವಳಿಗೆ ಈ ವಿಶಾಲ ಭೂಮಂಡಲದಲ್ಲಿ ಕೆಲಸ ಸಿಕ್ಕಿದ್ದು ಶಿವಾಜಿನಗರದ ಸರ್ಕಾರಿ ಇಲಾಖೆಯೊಂದರ ಗ್ರಂಥಾಲಯದಲ್ಲಿ. ಸಂಜೆ ತರಗತಿಗಳಿಗೆ ಹೋಗಿ ಗ್ರಂಥಾಲಯ ವಿಜ್ಞಾನ ಕಲಿತೆ. ಪುಸ್ತಕಗಳ ಬೆನ್ನಿಗೆ ಅಂಕಿ ಅಂಟಿಸುವ ದೀಕ್ಷೆ ಪಡೆದೆ. ಆಮೇಲೆ ಕಂಪ್ಯೂಟರ್ ಬಂತು. ಸೂಚಿಯನ್ನೆಲ್ಲ ಅದರ ಹೊಟ್ಟೆಗೆ ತುಂಬಿ, ಯಾವ ಹಳ್ಳಿಯ ಹೆಸರು ಒತ್ತಿದರೂ ಅದರ ವರದಿ ಎದ್ದು ಬರುವಂತೆ ಮಾಡಿದ್ದಕ್ಕೆ ಸರ್ಕಾರ ಪ್ರಸನ್ನವಾಗಿ ನನ್ನನ್ನು 'ಮಾಹಿತಿ ವಿಜ್ಞಾನಿ' ಎಂದು ಕರೆಯಿತು. ಅಂದಿನಿಂದ ಲಿಂಗರಾಜಪುರದ ನಮ್ಮ ಬೀದಿಯವರು ಗ್ರಹಣ ಬಂದಾಗಲೆಲ್ಲ ಊಟ ಮಾಡಬಹುದೇ ಎಂದು ನನ್ನನ್ನು ಕೇಳಲು ಬರುತ್ತಾರೆ. ನಾನೂ ವಿಜ್ಞಾನಿಗೆ ತಕ್ಕ ಗಾಂಭೀರ್ಯ ತಂದುಕೊಂಡು "ಧಾರಾಳವಾಗಿ ಮಾಡಿ" ಎನ್ನುತ್ತೇನೆ.

ಇಷ್ಟೆಲ್ಲ ಪದವಿಗಳ ಅಡಿಯಲ್ಲೂ ಒಳಗಿನ ಭೂಗೋಳದವಳು ಸುಮ್ಮನಿರಲಿಲ್ಲ. ನಮ್ಮಲ್ಲಿರುವುದು ಜಿಲ್ಲೆ ತಾಲ್ಲೂಕುಗಳ ವರದಿಗಳು, ಗೆಜೆಟಿಯರುಗಳು, ನಕ್ಷೆಗಳು. ಅವನ್ನು ಅಂಕಿಗಳ ಕ್ರಮದಲ್ಲಿ ಜೋಡಿಸಿದರೆ ಬಂದವರು ಜಾತ್ರೆಯಲ್ಲಿ ತಪ್ಪಿಸಿಕೊಂಡವರಂತೆ ಅಲೆಯುತ್ತಿದ್ದರು. ಒಂದು ದಿನ ಹುಚ್ಚು ಹತ್ತಿದವಳಂತೆ ಇಡೀ ಕೋಣೆಯನ್ನೇ ಕರ್ನಾಟಕ ಮಾಡಿಬಿಟ್ಟೆ! ಉತ್ತರದ ಗೋಡೆಗೆ ಬೀದರ್, ದಕ್ಷಿಣಕ್ಕೆ ಚಾಮರಾಜನಗರ, ಪಶ್ಚಿಮಕ್ಕೆ ಉದ್ದಕ್ಕೂ ಕರಾವಳಿ, ಪೂರ್ವಕ್ಕೆ ಕೋಲಾರ. ನಡುಮಧ್ಯೆ ದಾವಣಗೆರೆಯಲ್ಲಿ ನನ್ನ ಮೇಜು. ಅಂಕಿ ನೆನಪಿಡಲಾರದವನಿಗೂ ತುಮಕೂರು ಎಲ್ಲಿದೆಯೆಂದು ಗೊತ್ತಿರುತ್ತದೆ. ಸಹಾಯಕಿ ರೆಹಾನಾ ಬೆಳಿಗ್ಗೆ ಪೊರಕೆ ಹಿಡಿದು, "ಮಂಗ್ಳೂರು ಗುಡಿಸಾಯ್ತು ಮೇಡಂ, ಹಾಸನ ಒರ್‍ಸಿಬಿಟ್ರೆ ಚಾಯ್ ಕುಡಿಯೋದೇ" ಎಂದಾಗ ನನಗಾಗುತ್ತಿದ್ದ ಹಿಗ್ಗನ್ನು ಯಾವ ಮುಖ್ಯಮಂತ್ರಿಯೂ ಅನುಭವಿಸಿರಲಾರರು.

ಈ ಸಾಮ್ರಾಜ್ಯಕ್ಕೆ ಈಚೆಗೆ ಕಂಟಕ ಬಂತು. ಹೊಸದಾಗಿ ಬಂದ ಜಂಟಿ ನಿರ್ದೇಶಕಿಯವರು ಅಂಕಿಗಳ ಪರಮ ಭಕ್ತೆ. ಗ್ರಂಥಾಲಯಗಳೆಲ್ಲ ಸಂಖ್ಯಾಕ್ರಮದಲ್ಲೇ ಇರತಕ್ಕದ್ದು, ನಿಮ್ಮ ಏರ್ಪಾಡನ್ನು ಸ್ವತಃ ಬಂದು ನೋಡಿ ತೀರ್ಮಾನಿಸುತ್ತೇವೆ ಎಂದು ತಿಳಿಸಿದರು. ಅವರು ತಲೆಯಾಡಿಸದಿದ್ದರೆ ನನ್ನ ಕರ್ನಾಟಕ ಚೂರುಚೂರು. ಅದೇ ಹೊತ್ತಿಗೆ ಕಚೇರಿ ಶಿವಾಜಿನಗರದಿಂದ ಇಂದಿರಾನಗರದ ಕಟ್ಟಡಕ್ಕೆ ವರ್ಗವಾಯಿತು. ಆ ವಾರವಿಡೀ ಮೋಡ ಮುಚ್ಚಿಕೊಂಡು ಸೂರ್ಯನ ಸುಳಿವೇ ಇರಲಿಲ್ಲ. ಇಲ್ಲದಿದ್ದರೇನು, ಭೂಗೋಳದವಳ ಬಳಿ ದಿಕ್ಸೂಚಿಯಿಲ್ಲವೇ? ಕಾಲೇಜಿನ ಕಾಲದ ದಿಕ್ಸೂಚಿಯನ್ನು ಅಂಗೈಯಲ್ಲಿ ಹಿಡಿದು, ಖಾಲಿ ಬೀರುಗಳ ನಡುವೆ ದಿಗ್ವಿಜಯಕ್ಕೆ ಹೊರಟವಳಂತೆ ನಿಂತು, ಮುಳ್ಳು ತೋರಿದ ಕಡೆ ಬೀದರನ್ನು ಸ್ಥಾಪಿಸಿದೆ.

ಜಂಟಿ ನಿರ್ದೇಶಕಿಯವರು ಬರುವುದರ ಹಿಂದಿನ ಸಂಜೆ ಮೋಡ ಸರಿಯಿತು. ಕೋಲಾರದ ನೆತ್ತಿಯ ಮೇಲಿನ ಕಿಟಕಿಯಿಂದ ಹೊಂಬಿಸಿಲು ಒಳಗೆ ನುಗ್ಗಿತು. ಎಷ್ಟು ಚೆಂದ ಎಂದು ಒಂದು ಕ್ಷಣ ಮೈಮರೆತು ನೋಡಿದೆ. ಮರುಕ್ಷಣ ಹೊಳೆಯಿತು. ಪೂರ್ವದ ಕೋಲಾರದ ಕಡೆಯಿಂದ ಸಂಜೆಯ ಬಿಸಿಲೇ? ಸುತ್ತ ನೋಡಿದೆ. ಬೀರುಗಳೆಲ್ಲ ಕಬ್ಬಿಣದವು! ಕಬ್ಬಿಣದ ನಡುವೆ ದಿಕ್ಸೂಚಿ ಹಿಡಿಯಬಾರದೆಂಬುದು ಭೂಗೋಳದ ಮೊದಲ ಪಾಠ. ನಾನು ಅದರಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳು. ಕರ್ನಾಟಕ ತಲೆಕೆಳಗಾಗಿ ಮಲಗಿತ್ತು. ನನಗೆ ನಗು ಬಂತು, ಅಳು ಬಂತು, ಮತ್ತೆ ನಗು ಬಂತು. ರೆಹಾನಾ ಮಾತ್ರ, "ಇಡೀ ರಾಜ್ಯ ಎತ್ತಿ ಇಡೋಕೆ ನನ್ ಕೈಲಾಗಲ್ಲ ಮೇಡಂ, ಸೊಂಟ ಹೋಗ್ಬಿಡ್ತದೆ" ಎಂದು ಖಡಾಖಂಡಿತವಾಗಿ ಹೇಳಿ ಮನೆಗೆ ಹೊರಟಳು.

ಮರುದಿನ ಮಧ್ಯಾಹ್ನ ಬಂದ ಜಂಟಿ ನಿರ್ದೇಶಕಿಯವರ ಮುಖದಲ್ಲಿ ನಗುವಿನ ಕುರುಹೂ ಇರಲಿಲ್ಲ. ನಾನು ದಾವಣಗೆರೆಯಲ್ಲಿ ಕೈಕಟ್ಟಿ ನಿಂತಿದ್ದೆ. ಅಷ್ಟರಲ್ಲಿ ನಮ್ಮ ಹಳೆಯ ಓದುಗರಾದ ಗರುಡಾಚಾರ್‌ಪಾಳ್ಯದ ನಿವೃತ್ತ ಮೇಷ್ಟ್ರು ಬಂದರು. ಹೊಸ ಕಟ್ಟಡದಲ್ಲಿ ಅದೇ ಅವರ ಮೊದಲ ದಿನ. ಬಾಗಿಲಲ್ಲಿ ನಿಂತು ಬೀದರನ್ನು ಕಂಡರು, ಅದಕ್ಕೆ ಎದುರಾಗಿ ತಿರುಗಿ, ಬಲಕ್ಕೆ ಹೆಜ್ಜೆ ಹಾಕಿ, ಯಾರನ್ನೂ ಕೇಳದೆ ಚಿಕ್ಕಬಳ್ಳಾಪುರ ತಲುಪಿ ಪುಸ್ತಕ ಬಿಡಿಸಿದರು. ನಾನು ಬೆಪ್ಪಾದೆ. ಎಲ್ಲವೂ ಒಟ್ಟಿಗೇ ತಿರುಗಿದ್ದರಿಂದ ಯಾವ ಊರೂ ತನ್ನ ನೆರೆಯೂರನ್ನು ಬಿಟ್ಟಿರಲಿಲ್ಲ. ಉತ್ತರ ಧ್ರುವದ ಹಂಗು ನನಗೊಬ್ಬಳಿಗೇ ಇದ್ದದ್ದು. ಮನುಷ್ಯರಿಗೆ ತಮ್ಮ ಊರಿನ ಪಕ್ಕ ಯಾವ ಊರಿದೆ ಎಂಬಷ್ಟು ಗೊತ್ತಿದ್ದರೆ ಸಾಕು, ಜಗತ್ತು ಅತ್ತಿತ್ತ ತಿರುಗಿದ್ದು ಗಮನಕ್ಕೂ ಬರುವುದಿಲ್ಲ.

ಜಂಟಿ ನಿರ್ದೇಶಕಿಯವರು ಮೇಷ್ಟ್ರನ್ನೇ ದಿಟ್ಟಿಸುತ್ತಿದ್ದವರು ತಾವೂ ನಿಧಾನವಾಗಿ ನಡೆಯತೊಡಗಿದರು. ತುಮಕೂರು ದಾಟಿದರು, ಬೆಂಗಳೂರು ದಾಟಿದರು, ಕೋಲಾರದ ಮುಂದೆ ನಿಂತು ಹಳೆಯ ಗೆಜೆಟಿಯರ್ ಎಳೆದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಐದು ಹೊಡೆದರೂ ಏಳಲಿಲ್ಲ. ಹೊರಗೆ ಕಾರು ಕಾಯುತ್ತಿತ್ತು. ಅವರ ಬೆರಳು ಸಾಲಿನಿಂದ ಸಾಲಿಗೆ ಯಾವುದೋ ಹೆಸರನ್ನು ಹುಡುಕುತ್ತಿತ್ತು. ಇಷ್ಟು ವರ್ಷಗಳಲ್ಲಿ ನಮ್ಮ ಗ್ರಂಥಾಲಯಕ್ಕೆ ಬಂದವರೆಲ್ಲರೂ ಮೊದಲು ಹುಡುಕಿದ್ದು ಅದನ್ನೇ, ತಮ್ಮ ಊರನ್ನು. ನನಗೆ ಅವರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು.

ಆಗಲೇ ಹಾಳು ಬಿಸಿಲು ಕೋಲಾರದ ಮೇಲಿನ ಆ ಕಿಟಕಿಯಿಂದಿಳಿದು ಅವರ ಕಣ್ಣಿಗೆ ಹೊಡೆಯಿತು. ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಕಿಟಕಿ ನೋಡಿದರು, ಕಪಾಟಿನ ಹೆಸರು ನೋಡಿದರು, ನನ್ನನ್ನು ನೋಡಿದರು.

"ಏನ್ರೀ ಇದು, ನಮ್ ಕೋಲಾರದಲ್ಲಿ ಸೂರ್ಯ ಮುಳುಗ್ತಾ ಅವ್ನೆ?"

ಕಬ್ಬಿಣ, ಮೋಡ, ದಿಕ್ಸೂಚಿ ಎಂದು ತೊದಲಿದೆ. ಅವರು ಕೇಳಿಸಿಕೊಂಡರು. ಮೊದಲು ಭುಜ ಕುಲುಕಿತು, ಆಮೇಲೆ ಇಡೀ ಜಂಟಿ ನಿರ್ದೇಶಕಿಯೇ ಕುಲುಕಿದರು. ರೆಹಾನಾ ಹಾಸನದ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡಳು, ಮೇಷ್ಟ್ರು ಏನೂ ತಿಳಿಯದೆ ತಾವೂ ನಕ್ಕರು.

"ಹೋಗ್ಲಿ ಬಿಡ್ರೀ," ಎಂದು ಕಣ್ಣೊರೆಸಿಕೊಂಡು ಅವರು ಮತ್ತೆ ಪುಟದ ಮೇಲೆ ಬೆರಳಿಟ್ಟರು. "ನಮ್ಮೂರು ಸಿಕ್ತು. ಹಿಂಗೇ ಇರ್ಲಿ. ಆ ಪರದೆ ಒಸಿ ಎಳೀರಿ."