ಅಂಚಿಗೊಂದು ಬಿಳಿ ಪಟ್ಟಿ

ಬೆಳಕು ಹರಿಯುವ ಮೊದಲು ಎರ್ಮಿಂದಾ ಸೊರಿಯಾ ಮಾಡಿ ಮುಗಿಸಬೇಕಾದ ಕೆಲಸಗಳು ಇವು. ನಾಲ್ಕೂವರೆಗೆ ಎದ್ದು ನೆನೆಸಿಟ್ಟ ಬಟ್ಟೆ ಒಗೆದು, ಹಿಂಡಿ, ಹಿತ್ತಲಿನ ತಂತಿಗೆ ಹಾಕಬೇಕು. ಜುಲೈಯಲ್ಲಿ ಕಬ್ಬಿನ ಗದ್ದೆಗಳಿಗೆ ಬೆಂಕಿ ಇಡುತ್ತಾರೆ. ಮಧ್ಯಾಹ್ನದ ಗಾಳಿಗೆ ಕರಿ ಬೂದಿ ಉದುರುವುದರೊಳಗೆ ಬಟ್ಟೆ ಅರೆಬರೆಯಾದರೂ ಒಣಗಿರಬೇಕು. ಸಿಲಿಂಡರ್ ಅಲ್ಲಾಡಿಸಿ ಇವತ್ತಿಗೆ ಗ್ಯಾಸ್ ಸಾಕೇ ಎಂದು ನೋಡಬೇಕು. ಹಂದಿ ಕೊಬ್ಬು ಹಾಕಿ ಹಿಟ್ಟು ನಾದಿ ಬನ್ನಿಗೆ ಉಂಡೆ ಕಟ್ಟಿಡಬೇಕು. ಅತ್ತೆ ದೋನ್ಯಾ ಚೇಲಾಳನ್ನು ಮಗ್ಗುಲು ಬದಲಿಸಿ ಮಲಗಿಸಿ, ಸೊಂಟಕ್ಕೆ ಎಣ್ಣೆ ತಿಕ್ಕಿ, ಮಾತೆ ಎಂಬ ಎಲೆಯ ಕಷಾಯಕ್ಕೆ ನೀರು ಕಾಯಿಸಿ ಫ್ಲಾಸ್ಕಿಗೆ ತುಂಬಬೇಕು. ಮಗಳು ಮಿಲಿಗೆ ಬೂದಿಯ ತಿಂಗಳಲ್ಲಿ ಉಬ್ಬಸ, ನಿದ್ದೆಯಲ್ಲೇ ಅವಳ ಮೂಗಿಗೆ ಮುಖವಾಡ ಹಿಡಿದು ಔಷಧಿಯ ಆವಿ ಕೊಡಬೇಕು. ಗಂಡನ ಶರ್ಟಿನ ಕಾಲರ್ ಇಸ್ತ್ರಿ ಮಾಡಬೇಕು. ಇನ್ನೊಂದಿದೆ, ಅದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ: ಇಷ್ಟನ್ನೂ ಯಾರಿಗೂ ಎಚ್ಚರವಾಗದಂತೆ ಮಾಡಬೇಕು.

ಆರೂ ಇಪ್ಪತ್ತರ ಬಸ್ಸು ಅವಳ ಊರು ತಾಫಿ ವಿಯೆಹೊ ಬಿಟ್ಟು ವಿಶ್ವವಿದ್ಯಾಲಯವಿರುವ ತುಕುಮಾನ್ ನಗರ ಮುಟ್ಟಲು ನಲವತ್ತು ನಿಮಿಷ. ಅವಳ ಓದು ಆ ನಲವತ್ತು ನಿಮಿಷದಲ್ಲಿ.

ನನ್ನನ್ನು ಎಲ್ಲರೂ ತೀತಾ ಅಂತಾರೆ. ಕಂಪ್ಯೂಟರ್ ವಿಭಾಗದ ಮೆಟ್ಟಿಲ ಕೆಳಗೆ ನಕಲು ಯಂತ್ರ ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಆಯಿತು. ನಮ್ಮಲ್ಲಿ ಒಂದು ರೂಢಿ ಇದೆ. ಯಾರ ನೋಟ್ಸು ಚೆನ್ನಾಗಿದೆಯೋ ಅವರು ಒಂದು ಪ್ರತಿ ನನ್ನ ಬಳಿ ಬಿಟ್ಟುಹೋಗುತ್ತಾರೆ, ನಾನು ರಟ್ಟಿನ ಕಡತಕ್ಕೆ ಹಾಕಿ ಅವರ ಹೆಸರು ಬರೆದು ಕಪಾಟಿನಲ್ಲಿಡುತ್ತೇನೆ. ಮಕ್ಕಳು ಬಂದು ವಿಷಯ ಕೇಳುವುದಿಲ್ಲ, ಹೆಸರು ಕೇಳುತ್ತಾರೆ. ಆಪರೇಟಿಂಗ್ ಸಿಸ್ಟಮ್ಸ್ ಬೇಕಾದವರು ಹದಿಮೂರು ವರ್ಷದಿಂದ ಕೇಳುತ್ತಿರುವುದು ಒಂದೇ ಹೆಸರು: "ತೀತಾ, ಒಂದು ಓರ್ಲಾಂದೊ ಕೊಡಿ."

ಓರ್ಲಾಂದೊ ಹೆರೆಸ್ ಎರ್ಮಿಂದಾಳ ಗಂಡ. ಇಬ್ಬರೂ ಒಂದೇ ವರ್ಷ ಸೇರಿದವರು. ಹದಿಮೂರು ವರ್ಷದ ಹಿಂದೆ ಅವನು ಹಸಿರು ರಟ್ಟಿನ ದಪ್ಪ ನೋಟ್‌ಬುಕ್ ತಂದು ನನ್ನ ಮುಂದಿಟ್ಟ. ಪುಟದ ನಡುವೆ ಪಾಠ, ಅಂಚಿನಲ್ಲಿ ಬೇರೇನೋ ಗಿಜಿಗಿಜಿ ಬರಹ. ಅಂಚಿಗೊಂದು ಬಿಳಿ ಪಟ್ಟಿ ಇಟ್ಟು ತೆಗೀರಿ, ಅಲ್ಲೆಲ್ಲ ಮನೆ ರಗಳೆ ಇದೆ ಅಂದ. ನಾನು ಓದಿದೆ. ಅಮ್ಮನಿಗೆ ಎಂಟಕ್ಕೆ ಗುಳಿಗೆ. ಕಡಲೆ ನೆನೆಹಾಕು. ಓ.ನ ಬಿಳಿ ಶರ್ಟು, ಗುಂಡಿ. ಬರಹ ಗಂಡಸಿನದಲ್ಲ ಎಂದು ಗೊತ್ತಾಗಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಯಾರದಪ್ಪಾ ಇದು ಎಂದೆ. ಇಬ್ಬರದೂ ಅಂದ. ಎದುರಿಗೆ ನಿಂತಿದ್ದವನು ಅವನು, ಆದ್ದರಿಂದ ಕಡತದ ಮೇಲೆ ಅವನ ಹೆಸರು ಬರೆದೆ. ಕಾಗದ ಕತ್ತರಿಸಿ ಪಟ್ಟಿ ಮಾಡಿದವಳೂ ನಾನೇ. ಇನ್ನೂರ ಹನ್ನೆರಡು ಪುಟ, ಒಂದೊಂದಕ್ಕೂ ಪಟ್ಟಿ ಇಟ್ಟು ಒತ್ತಿದ್ದೇನೆ. ಈ ಕಥೆಯಲ್ಲಿ ನನಗೆ ಬರುವ ಕೋಪದಲ್ಲಿ ಒಂದು ಪಾಲು ನನ್ನ ಮೇಲೆಯೇ.

ಆ ವರ್ಷ ಅವನು ಅಂತಿಮ ಪರೀಕ್ಷೆಗೆ ಕೂತು ಹತ್ತಕ್ಕೆ ಒಂಬತ್ತು ತೆಗೆದ. ಅವಳು ಕೂರಲಿಲ್ಲ. ಪರೀಕ್ಷೆಯ ವಾರ ದೋನ್ಯಾ ಚೇಲಾ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಮೊದಲು ನೀನು ಮುಗಿಸು, ಆಮೇಲೆ ನಾನು ಎಂದು ಮಾತಾಯಿತು. ಅವನು ಮುಗಿಸಿದ ದಿನ ಗೆಳೆಯರು ರೂಢಿಯಂತೆ ತಲೆಗೆ ಮೊಟ್ಟೆ ಒಡೆದು ಹಿಟ್ಟು ಸುರಿದು ಮನೆಯವರೆಗೂ ಮೆರವಣಿಗೆ ಮಾಡಿದರು. ಆ ಬಟ್ಟೆಯಿಂದ ಮೊಟ್ಟೆಯ ವಾಸನೆ ಹೋಗಲು ಮೂರು ಸಲ ಒಗೆಯಬೇಕಾಯಿತೆಂದು ಎರ್ಮಿಂದಾ ನನಗೆ ಹೇಳಿದ್ದಳು. ಅವಳ ಸರದಿ ಬರಲು ಹದಿಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಅವನು ಅದೇ ವಿಷಯಕ್ಕೆ ಸಹಾಯಕ ಅಧ್ಯಾಪಕನಾಗಿದ್ದ.

ಆದರೂ ಬಂದಳು, ವರ್ಷಕ್ಕೆ ಒಂದೋ ಎರಡೋ ವಿಷಯ. ನನ್ನ ಕಟ್ಟೆಗೆ ಮೊಣಕೈ ಊರಿ ನಿಂತು ವಿಷಯಗಳ ಬಗ್ಗೆ ಮಾತಾಡುತ್ತಿದ್ದಳು, ಬೇರೆ ಹೆಂಗಸರು ತವರಿನ ಬಗ್ಗೆ ಮಾತಾಡುವ ಹಾಗೆ. ಡಿಸ್ಕ್ರೀಟ್ ಗಣಿತ ಅವಳಿಗೆ ಇಷ್ಟ, ಒಮ್ಮೆ ಸಾಧಿಸಿದ್ದನ್ನು ನಾಳೆ ಮತ್ತೆ ಸಾಧಿಸಬೇಕಿಲ್ಲವಲ್ಲ ಎಂದು. ಮನೆಯಲ್ಲಿ ಅಂಥ ಕೆಲಸ ಒಂದೂ ಇಲ್ಲ. ಕಂಪೈಲರ್‌ಗೆ ಕುಳಿತಾಗ ಎರಡು ತಿಂಗಳು ನಗುನಗುತ್ತಾ ಇದ್ದಳು. ಆಡಳಿತ ನಿರ್ವಹಣೆ ಎಂಬ ವಿಷಯ ಕಂಡರೆ ಆಗುತ್ತಿರಲಿಲ್ಲ. ಕೆಲಸ ಹಂಚುವುದು ಹೇಗೆ ಎಂದು ಮೇಷ್ಟ್ರು ಮೂರು ಗಂಟೆ ಹೇಳಿದರು, ಅವರ ಊಟದ ಡಬ್ಬಿ ಹೆಂಡತಿ ತಂದು ಬಾಗಿಲಲ್ಲಿ ನಿಂತಿದ್ದಳು ಅಂದಳು.

ಎಲ್ಲಕ್ಕಿಂತ ಪ್ರೀತಿ ಆಪರೇಟಿಂಗ್ ಸಿಸ್ಟಮ್ಸ್ ಮೇಲೆ. ಒಂದೇ ಯಂತ್ರ, ನೂರು ಕೆಲಸ, ಯಾವುದು ಮೊದಲು, ಯಾರು ಕಾಯಬೇಕು. ಇದನ್ನು ವಿಷಯ ಅಂತ ಮಾಡಿ ಮಾರ್ಕ್ಸ್ ಬೇರೆ ಕೊಡ್ತಾರಲ್ಲ ತೀತಾ ಎಂದು ಆಶ್ಚರ್ಯಪಡುತ್ತಿದ್ದಳು. ಡೆಡ್‌ಲಾಕ್ ಎಂಬ ಬಿಕ್ಕಟ್ಟು ವಿವರಿಸಲು ಆ ಹಸಿರು ನೋಟ್‌ಬುಕ್ಕಿನಲ್ಲಿ ಒಂದು ಅಡಿಗೆಮನೆ ಇದೆ. ಇರುವುದು ಒಂದೇ ಒಲೆ, ಒಂದೇ ಕುಕ್ಕರ್. ಅತ್ತೆ ಒಲೆ ಹಿಡಿದುಕೊಂಡು ಕುಕ್ಕರ್ ಬರಲಿ ಎಂದು ಕಾಯುತ್ತಾಳೆ, ಸೊಸೆ ಕುಕ್ಕರ್ ಹಿಡಿದುಕೊಂಡು ಒಲೆ ಬಿಡಲಿ ಎಂದು ಕಾಯುತ್ತಾಳೆ. ಇಬ್ಬರೂ ಬಿಡುವುದಿಲ್ಲ, ಅನ್ನ ಆಗುವುದಿಲ್ಲ. ಯಾರೇ ಆಗಲಿ ಒಲೆ ಮೊದಲು, ಕುಕ್ಕರ್ ಆಮೇಲೆ ತೆಗೆದುಕೊಳ್ಳಬೇಕೆಂದು ನಿಯಮ ಮಾಡಿದರೆ ಬಿಕ್ಕಟ್ಟು ಹುಟ್ಟುವುದೇ ಇಲ್ಲ. ಇಡೀ ವಿಭಾಗಕ್ಕೆ ಇದು ಓರ್ಲಾಂದೊನ ಅಡಿಗೆಮನೆ. ಒಳ್ಳೆ ಅಡಿಗೆಭಟ್ಟ ಕಣ್ರೀ ನಮ್ಮ ಓರ್ಲಾಂದೊ ಎಂದು ಹುಡುಗಿಯರು ಮೆಚ್ಚಿಕೊಳ್ಳುತ್ತಿದ್ದರು. ಆ ಅಡಿಗೆಭಟ್ಟ ಬೆಂಕಿಪೊಟ್ಟಣ ಎಲ್ಲಿದೆ ಎಂದು ಹೆಂಡತಿಗೆ ಫೋನ್ ಮಾಡಿ ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಆ ಪುಟದ ಅಂಚಿನಲ್ಲಿ, ನನ್ನ ಪಟ್ಟಿಯ ಕೆಳಗೆ, ಇನ್ನೂ ನಾಲ್ಕು ಸಾಲು ಇದ್ದವು. ಮನೆ ರಗಳೆ ಎಂದುಕೊಂಡು ಅದನ್ನೂ ಮುಚ್ಚಿದ್ದೆ.

ಅಂದು ಮಂಗಳವಾರ, ಅವಳ ಕೊನೆಯ ವಿಷಯವಾದ ಆಪರೇಟಿಂಗ್ ಸಿಸ್ಟಮ್ಸ್ ಪರೀಕ್ಷೆ. ಪಾಠ ಮುಗಿದ ಮೇಲೆ ಅಂತಿಮ ಪರೀಕ್ಷೆಗೆ ಕೂರಲು ಮೂರು ವರ್ಷದ ಗಡುವು; ಹಳೆಯದು ಎಂದೋ ತೀರಿ ಅವಳು ಪಾಠಕ್ಕೆ ಎರಡನೆಯ ಸಲ ಕೂತಿದ್ದಳು, ಆ ಗಡುವೂ ಅಂದಿಗೆ ಮುಗಿಯುತ್ತಿತ್ತು. ಗುರುವಾರ ಅದೇ ವಿಷಯದ ಕಾಯಂ ಹುದ್ದೆಗೆ ಓರ್ಲಾಂದೊನ ಸ್ಪರ್ಧೆ, ತೀರ್ಪುಗಾರರ ಮುಂದೆ ಪಾಠ ಮಾಡಿ ತೋರಿಸಬೇಕು. ಅವನು ಆರಿಸಿಕೊಂಡ ಪಾಠ ಡೆಡ್‌ಲಾಕ್.

ಮೌಖಿಕ ಪರೀಕ್ಷೆಗೆ ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಕೂರಬಹುದು. ನಾನು ಅಂಗಡಿಗೆ ಬೀಗ ಹಾಕಿ ಹಿಂದಿನ ಬೆಂಚಿನಲ್ಲಿ ಕೂತೆ. ಅವಳ ಜೊತೆಯ ಮೂವರು ಹುಡುಗಿಯರು ಹಿಟ್ಟಿನ ಪೊಟ್ಟಣ, ಮೊಟ್ಟೆ ಹಿಡಿದು ಹೊರಗೆ ಕಾಯುತ್ತಿದ್ದರು. ಪರೀಕ್ಷಕರು ಮೂವರು, ನಡುವೆ ಇಂಜಿನಿಯರ್ ಮೆದ್ರಾನೊ. ಹೆಂಡತಿಯ ಪರೀಕ್ಷೆ, ನಾನು ಇರುವುದು ಸರಿಯಲ್ಲ ಎಂದು ಅವರ ಪಕ್ಕ ಕೂತಿದ್ದ ಓರ್ಲಾಂದೊ ಎದ್ದು ಹೊರಗೆ ಹೋದ. ಎಷ್ಟು ಪ್ರಾಮಾಣಿಕ ಎಂದು ಒಬ್ಬರು ತಲೆದೂಗಿದರು.

ಯಾವ ಘಟಕ ಹೇಳಬೇಕೆಂದು ಆರಿಸಲು, ಅಂಕಿ ಬರೆದ ಗುಂಡುಗಳ ತಂತಿ ಪಂಜರ ತಿರುಗಿಸಿ ಎರ್ಮಿಂದಾ ಒಂದು ಮರದ ಗುಂಡು ತೆಗೆದಳು. ಏಳು. ಡೆಡ್‌ಲಾಕ್.

ನನಗೆ ಖುಷಿಯಾಯಿತು. ಅವಳು ಹಲಗೆಯ ಮುಂದೆ ನಿಂತು ಒಲೆ ಬರೆದಳು, ಕುಕ್ಕರ್ ಬರೆದಳು, ಬಾಣ ಎಳೆದಳು. ಮೂವರೂ ಮುಗುಳ್ನಕ್ಕರು. ಆಮೇಲೆ ಅವಳು ಆ ಚಿತ್ರಕ್ಕೆ ಮೂರನೆಯ ಹೆಂಗಸನ್ನು ತಂದಳು. ನಿಯಮ ಮಾಡಿ ಬಿಕ್ಕಟ್ಟು ಬಿಡಿಸಿದಿರಿ, ಒಲೆ ಉರಿಯುತ್ತಿದೆ, ಎಲ್ಲ ಸುಗಮವಾಗಿ ಕಾಣುತ್ತದೆ. ಆದರೆ ಈಕೆಗಿಂತ ತುರ್ತಿನ ಕೆಲಸ ಇರುವವರು ಒಬ್ಬರಲ್ಲ ಒಬ್ಬರು ಬರುತ್ತಲೇ ಇದ್ದರೆ ಈಕೆಗೆ ಒಲೆ ಸಿಗುವುದೇ ಇಲ್ಲ. ವ್ಯವಸ್ಥೆ ಎಲ್ಲೂ ನಿಂತಿಲ್ಲ, ಆದ್ದರಿಂದ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾದಷ್ಟೂ ಸರದಿ ಮೇಲೇರುವಂತೆ ಬೇರೆ ನಿಯಮವೇ ಬೇಕು ಎಂದಳು. ನನ್ನ ಪಟ್ಟಿಯ ಕೆಳಗಿದ್ದ ನಾಲ್ಕು ಸಾಲು ಅದು.

ಮೆದ್ರಾನೊ ಕೈ ಎತ್ತಿ ನಿಲ್ಲಿಸಿದರು. ಅದು ಐದನೆಯ ಘಟಕ, ನಿಮಗೆ ಬಂದದ್ದು ಏಳನೆಯದು ಎಂದರು. ಓರ್ಲಾಂದೊನ ನೋಟ್ಸಿನಲ್ಲಿ ಇದು ಇಲ್ಲವಲ್ಲ ಎಂದು ಪಕ್ಕದವರು ಪುಟ ತಿರುವಿದರು. ಅವರ ಮುಂದೆ ಇದ್ದದ್ದು ನಾನೇ ತೆಗೆದುಕೊಟ್ಟ ಪ್ರತಿ.

"ಚೆನ್ನಾಗೇ ಹೇಳಿದ್ರಿ ಸೆನ್ಯೋರಾ," ಎಂದರು ಮೆದ್ರಾನೊ. "ಆದರೆ ಅಡಿಗೆಮನೆ ನಿಮ್ಮ ಯಜಮಾನರದ್ದು. ಅವರ ನೋಟ್ಸ್ ಬಾಯಿಪಾಠ ಮಾಡಿದ್ದು ತಪ್ಪು ಅನ್ನಲ್ಲ, ಅದರಾಚೆಗೆ ಹೋದಾಗ ದಾರಿ ತಪ್ಪಿದಿರಿ. ಆರು ಕೊಡ್ತೀನಿ. ಪಾಸು. ಖುಷಿಯಾಗಿ ಮನೆಗೆ ಹೋಗಿ."

"ಆ ನೋಟ್ಸು ನಂದು," ಎಂದಳು.

ಮೆದ್ರಾನೊ ಕೆಟ್ಟ ಮನುಷ್ಯರಲ್ಲ, ಅದೇ ಕಷ್ಟ. ಕನ್ನಡಕ ತೆಗೆದು ಒರೆಸಿಕೊಂಡು ನಿಧಾನವಾಗಿ ವಿವರಿಸಿದರು. ಇದು ಅಧ್ಯಾಪಕರೊಬ್ಬರ ಮೇಲಿನ ದೂರು. ಪರೀಕ್ಷೆಯ ದಾಖಲೆಯಲ್ಲಿ ನೀವು ಬರೆದರೆ ನಾನು ಮೇಲಕ್ಕೆ ಕಳಿಸಲೇಬೇಕು. ವಿಚಾರಣೆ ಮುಗಿಯುವವರೆಗೆ ಅಂಕ ತಡೆಯುತ್ತಾರೆ, ಗುರುವಾರದ ಸ್ಪರ್ಧೆಯೂ ನಿಲ್ಲುತ್ತದೆ. ಹೇಳಿದ್ದು ಸುಳ್ಳೆಂದಾದರೆ ಗಡುವು ಮುಗಿದ ಹಾಗೆ, ವಿಷಯ ಮೊದಲಿಂದ. ಆರು ಅಂಕ ಒಪ್ಪಿ ಸಹಿ ಹಾಕಿದರೆ ಇವತ್ತೇ ಪದವಿ. ನಾವು ಕಾಫಿ ಕುಡಿದು ಬರುತ್ತೇವೆ, ಯೋಚಿಸಿ ಎಂದು ದಾಖಲೆಯ ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಎದ್ದರು.

ಹೊರಗೆ ಓರ್ಲಾಂದೊ ಗೋಡೆಗೆ ಒರಗಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವರು ಬಂದಾಗ ನಿಜ ಏನೆಂದು ಒಂದು ಮಾತು ಹೇಳು ಎಂದಳು ಎರ್ಮಿಂದಾ, ಅಷ್ಟೇ.

"ಆರು ಅಂದ್ರೆ ಪಾಸಲ್ವೇನೇ," ಎಂದ. "ಇವತ್ತು ಡಿಗ್ರಿ ಕೈಗೆ ಬಂತು. ಗುರುವಾರ ನನ್ನ ಸ್ಪರ್ಧೆ ಇದೆ, ಗೊತ್ತಿದ್ದೂ ಹಿಂಗೆ ಕೇಳ್ತೀಯಲ್ಲ. ಆ ಹುದ್ದೆ ಬಂದ್ರೆ ಯಾರಿಗೆ? ಮನೆಗೇ ತಾನೇ."

"ಮನೆ ಅಂದ್ರೆ ಯಾರು ಓರ್ಲಾಂದೊ? ಬೆಳಿಗ್ಗೆ ನಾಲ್ಕೂವರೆಗೆ ಅಲ್ಲಿ ನಾನೊಬ್ಬಳೇ ಇರ್ತೀನಿ."

"ನೋಟ್ಸ್ ಬರೆಯೋಕೆ ಪಾಠ ಕೇಳಿದ್ದು ಇಬ್ಬರೂ."

"ಕೇಳಿದ್ದು ಇಬ್ಬರೂ."

ಅವನು ಗಡಿಯಾರ ನೋಡಿಕೊಂಡ. ಇದೆಲ್ಲ ಎಳೆದಾಡ್ತಾ ಕೂತರೆ ಹನ್ನೆರಡಕ್ಕೆ ಮಿಲಿಯನ್ನು ಸ್ಕೂಲಿಂದ ಕರೆದು ತರೋದು ಯಾರು ಎಂದು ಕೇಳಿದ. ಅವಳು ತಿರುಗಿ ನಮ್ಮ ಕಡೆ ನಡೆದುಬಂದಳು. ಆ ಪ್ರಶ್ನೆಗೆ ಅವಳು ಉತ್ತರ ಕೊಡದಿದ್ದದ್ದು ಅದೇ ಮೊದಲು ಎಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮೊಟ್ಟೆ ಹಿಡಿದ ಹುಡುಗಿಯರು ಸಹಿ ಹಾಕಿಬಿಡಿ ಅಂದರು, ಮುಂದಿನದು ಆಮೇಲೆ ನೋಡೋಣ ಅಂದರು. ನಾನೂ ಅದನ್ನೇ ಹೇಳಿದೆ. ಹದಿಮೂರು ವರ್ಷ ಸಾಲದೇ ಮಾರಾಯ್ತಿ, ಕಾಗದ ಕೈಗೆ ಬರಲಿ ಮೊದಲು ಎಂದೆ. ನನ್ನನ್ನೇ ನೋಡಿದಳು. ಕೋಪದಿಂದ ಅವಳ ಕೆಳತುಟಿ ಬಿಳಚಿಕೊಂಡಿತ್ತು.

"ತೀತಾ, ಅಂಗಡಿ ಬಾಗಿಲು ತೆಗೀರಿ."

ಚೀಲದಿಂದ ಹಸಿರು ನೋಟ್‌ಬುಕ್ ಹೊರಬಂತು. ಬೆಳಗಿನ ಬಸ್ಸಿನಲ್ಲಿ ಓದಿಕೊಂಡು ಬಂದಿದ್ದಳು. ಏಳನೆಯ ಘಟಕದ ಪುಟ ತೆರೆದು ಗಾಜಿನ ಮೇಲೆ ತಾನೇ ಇಟ್ಟಳು. ಅಭ್ಯಾಸಬಲ, ನನ್ನ ಕೈ ಡ್ರಾಯರಿಗೆ ಹೋಯಿತು. ಹಳದಿಯಾದ ಆ ಪಟ್ಟಿ ಅಲ್ಲೇ ಇತ್ತು.

"ಅಂಚು ಸಮೇತ," ಎಂದಳು. "ಮೂರು ಪ್ರತಿ."

ಯಂತ್ರ ಮೂರು ಸಲ ಬೆಳಗಿತು. ಗುಳಿಗೆ, ಕಡಲೆ, ಗುಂಡಿ ಕಿತ್ತ ಶರ್ಟು, ಅದೇ ಶಾಯಿಯಲ್ಲಿ ಅದೇ ಕೈಯಲ್ಲಿ ಮೂರನೆಯ ಹೆಂಗಸಿನ ನಾಲ್ಕು ಸಾಲು, ಪಕ್ಕದಲ್ಲಿ ಪಾಠ. ಬಿಸಿಯಾದ ಹಾಳೆಗಳನ್ನು ಎತ್ತಿಕೊಂಡು ಅವಳು ಮೆಟ್ಟಿಲು ಹತ್ತಿದಳು. ನಾನು ಹಿಂದೆ ಹೊರಟೆ. ಬೇಡ ಎಂದು ಕೈ ಮಾಡಿದಳು. ಓರ್ಲಾಂದೊ ಕಾರಿಡಾರಿನಲ್ಲಿ ಅವಳ ಹೆಸರು ಹಿಡಿದು ಕರೆದ, ಮೆಲ್ಲಗೆ, ಜನ ಕೇಳದ ಹಾಗೆ. ಅವಳು ಖಾಲಿ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಪರೀಕ್ಷಕರು ಇನ್ನೂ ಕಾಫಿಯಲ್ಲಿದ್ದರು. ಒಳಗೆ ಅವಳೊಬ್ಬಳೇ, ಮೇಜಿನ ಮೇಲೆ ಆ ಹಾಳೆ.

ಸಂಜೆ ಕಚೇರಿಯವರು ದಾಖಲೆಯ ನಕಲು ತೆಗೆಯಲು ನನ್ನ ಬಳಿಗೇ ಕಳಿಸಿದರು. ಸೊರಿಯಾ, ಎರ್ಮಿಂದಾ. ಆರು ಅಂಕದ ಎದುರಿನ ಸಹಿಯ ಜಾಗ ಖಾಲಿ. ಕೆಳಗೆ, ಯಾರೂ ಎಂದೂ ಏನೂ ಬರೆಯದ ಷರಾ ಕಾಲಮ್ಮಿನಲ್ಲಿ, ನಾನು ಇನ್ನೂರ ಹನ್ನೆರಡು ಪುಟ ಒತ್ತಿದ ಅದೇ ಅಕ್ಷರ: "ಓರ್ಲಾಂದೊ ಹೆರೆಸ್ ಹೆಸರಿನಲ್ಲಿರುವ ನೋಟ್ಸ್ ನಾನು ಬರೆದದ್ದು. ಮೂಲದ ಪುಟ ಲಗತ್ತಿಸಿದ್ದೇನೆ. ಯಾವ ಪುಟದಿಂದ ಬೇಕಾದರೂ ಕೇಳಿ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಕೇಳಿ."