ಕಾಕಾ ಹಲ್ಲು ಸೆಟ್ ತೆಗೆದಿಟ್ಟ ಮೀಟಿಂಗು

ಹಾಕಿ ಗ್ಲೌಸಿನ ವಾಸನೆ ಗೊತ್ತಿಲ್ಲದವರು ಪುಣ್ಯವಂತರು. ಹೋದ ವಾರ ಗ್ಯಾರೇಜಲ್ಲಿ ಮಗಳ ಹಳೇ ಬ್ಯಾಗ್ ತೆರೆದೆ ನೋಡಿ, ಅಬ್ಬಬ್ಬಾ! ಒದ್ದೆ ಸಾಕ್ಸು, ಹುಳಿ ಮಜ್ಜಿಗೆ ಎರಡೂ ಸೇರಿದ ಹಾಗೆ. ಮೂಗು ಮುಚ್ಚಿಕೊಂಡೇ ನಕ್ಕುಬಿಟ್ಟೆ. ಇದನ್ನ 'ಅತ್ತರು' ಅಂತಿದ್ದವರು ಒಬ್ಬರೇ, ಈ ಪರದೇಶದ ರೆಂಟನ್ ಅನ್ನೋ ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ.

ಹುಬ್ಬಳ್ಳಿಯವರು, ವಿಮಾನದ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಮಣ್ಣಿನ ಮೈದಾನದಲ್ಲಿ ಹಾಕಿ ಆಡಿ ಬೆಳೆದವರಿಗೆ ಇಲ್ಲಿ ಐಸ್ ಹಾಕಿಯ ಹುಚ್ಚು ಹಿಡಿದಿತ್ತು. ಮಗಳನ್ನ ರಿಂಕಿಗೆ, ಅಂದರೆ ಐಸ್ ಮೈದಾನಕ್ಕೆ, ಸೇರಿಸಿದ್ದೂ ಅವರದೇ ಕಿತಾಪತಿ. ನಾನು ಮೈಸೂರಿನವಳು, ಭರತನಾಟ್ಯ ಅಂದುಕೊಂಡಿದ್ದೆ! ಕಾಕಾಗೆ ಮುಂದಿನ ಮೂರು ಹಲ್ಲು ಕಟ್ಟಿಸಿದ್ದವು. "ರೈಲ್ವೆ ಗ್ರೌಂಡಿನ್ಯಾಗ ಬಿಟ್ಟು ಬಂದೇನಿ ತಂಗಿ. ಗಂಡುಮೆಟ್ಟಿನ ಆಟ ಅಂದ್ರ ಅದು!" ಅಂತ ನೂರು ಸಲ ಹೇಳಿರಬೇಕು.

ಮಗಳಿಗೆ ಹನ್ನೊಂದು ತುಂಬಿದ ವರ್ಷ ಎಲ್ಲಾ ಕಡೆ ಒಂದೇ ಜಗಳ. ಪಕ್ ಅನ್ನೋ ರಬ್ಬರ್ ಬಿಲ್ಲೆ ಇಟ್ಟುಕೊಂಡವರನ್ನ ಮೈಯಿಂದ ಗುದ್ದಿ ಬೀಳಿಸೋದಕ್ಕೆ ಬಾಡಿ ಚೆಕ್ಕಿಂಗ್ ಅಂತಾರೆ. ಆ ವಯಸ್ಸಿನ ಮಕ್ಕಳಿಗೆ ಅದು ಬೇಕಾ ಬೇಡವಾ? ತೆಗೆದರೆ ಆಟವೇ ಸತ್ತುಹೋಗುತ್ತೆ ಅಂತ ಒಂದು ಗುಂಪು, ಇಟ್ಟುಕೊಂಡರೆ ಮುಂದೆ ಆಡೋಕೆ ಮಕ್ಕಳೇ ಬರಲ್ಲ ಅಂತ ಇನ್ನೊಂದು. ಇವಳು ಹುಡುಗರ ಜೊತೆಗೇ ಆಡ್ತಿದ್ದಳು. ನಾನು ತೀರ್ಮಾನ ಮಾಡಿಬಿಟ್ಟಿದ್ದೆ, ಗುದ್ದಾಟ ಉಳಿದರೆ ಮಗಳು ಆಟ ಬಿಡ್ತಾಳೆ ಅಂತ. ಮೂರು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ.

ಶನಿವಾರ ಬೆಳಿಗ್ಗೆ ರಿಂಕಿನ ಮಹಡಿಯಲ್ಲಿ ಮೀಟಿಂಗು. ನಮ್ಮ ಕ್ಲಬ್ಬು ಏನು ಮಾಡಬೇಕು ಅಂತ ಕೈ ಎತ್ತಿ ಹೇಳಬೇಕಿತ್ತು. ಸ್ಕೋರ್‌ಬೋರ್ಡ್ ನೋಡಿಕೊಳ್ತಿದ್ದ ಕಾಕಾಗೂ ಮತ ಇತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಷ್ಟು ಗದ್ದಲ! ಅಷ್ಟರಲ್ಲಿ ಕಾಕಾ ಎದ್ದರು. ಮುಗೀತು ಕಥೆ ಅಂದುಕೊಂಡೆ.

ಅವರು ಹಲ್ಲಿನ ಸೆಟ್ ತೆಗೆದು ಟೇಬಲ್ ಮೇಲೆ ಇಟ್ಟರು. ಗುದ್ದಾಟದ ಪರ ಇದ್ದವರು ಚಪ್ಪಾಳೆ ಹೊಡೆದರು. ಕಾಕಾ ಕೈ ಎತ್ತಿ ಸುಮ್ಮನಿರಿಸಿ, ಬೊಚ್ಚುಬಾಯಲ್ಲೇ ಇಂಗ್ಲಿಷಿನಲ್ಲಿ ಶುರು ಮಾಡಿದರು. ನಲವತ್ತು ವರ್ಷದಿಂದ ಈ ಹಲ್ಲಿನ ಜಂಬ ಕೊಚ್ಚಿಕೊಂಡು ಬಂದಿದ್ದೀನಿ, ಅರ್ಧ ಕಥೆ ಮಾತ್ರ ಹೇಳ್ತಿದ್ದೆ ಅಂದರು. ಹಲ್ಲು ಮುರಿದ ಸಂಜೆ ಅವರ ಅವ್ವ ಹಾಕಿ ಸ್ಟಿಕ್ಕನ್ನ ನೀರೊಲೆಗೆ ಹಾಕಿದಳಂತೆ. ಆಗ ಅವರಿಗೆ ಹದಿನೈದು. ಮತ್ತೆ ಯಾವತ್ತೂ ಆಡಲಿಲ್ಲ... ಹಲ್ಲೇನೋ ಕಟ್ಟಿಸಿಕೊಂಡೆ, ಆಟ ವಾಪಸ್ ಬರಲಿಲ್ಲ, ಇಲ್ಲಿ ಕೂತಿರೋ ಅಮ್ಮಂದಿರನ್ನ ಹೆದರಿಸಬೇಡಿ ಅಂದರು. ಹೇಳುವಾಗ ನನ್ನ ಕಡೆ ನೋಡಲೇ ಇಲ್ಲ.

ನಾಲ್ಕೇ ನಾಲ್ಕು ಕೈ ಹೆಚ್ಚಾಗಿ ಗುದ್ದಾಟ ಹೋಯ್ತು! ನಾನು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಕೆಳಗೆ ಐಸ್ ಮೇಲಿದ್ದ ಮಗಳಿಗೆ ಗಾಜಿನಾಚೆಯಿಂದಲೇ ಎರಡೂ ಹೆಬ್ಬೆರಳು ತೋರಿಸಿದೆ. ಅವಳು ಸ್ಟಿಕ್ ಎಸೆದು ಕುಣಿದಾಡಿದಳು. "ಮೊದಲ ಆ ಹಲ್ಲು ಹಾಕ್ಕೊಳ್ರಿ" ಅಂತ ಕಾಕಾನ ಹೆಂಡತಿ ಕಾಕೂ ಬೈದಿದ್ದೂ ನೆನಪಿದೆ.

ಈಗ ಮಗಳಿಗೆ ಹದಿನೆಂಟು. ಇಲ್ಲೇ ಹತ್ತಿರದ ಯೂನಿವರ್ಸಿಟಿಯಲ್ಲಿ ಓದ್ತಾಳೆ, ಹುಡುಗಿಯರ ಟೀಮಲ್ಲಿ ಆಡ್ತಾಳೆ. ಮೊನ್ನೆ ಊಟಕ್ಕೆ ಬಂದವಳದು ಹೊಸ ಜಗಳ. ದೊಡ್ಡ ಹುಡುಗರಿಗೆ ಚೆಕ್ಕಿಂಗ್ ಇದೆ, ಹುಡುಗಿಯರಿಗೆ ಯಾಕಿಲ್ಲ? "ಅಮ್ಮಾ, ದಟ್ಸ್ ನಾಟ್ ಫೇರ್!" ಅಂತ ಟೇಬಲ್ ಕುಟ್ಟಿದಳು. ಅವಳಿಗೆ ಭಯವೇ ಇಲ್ಲ. ಹೌದಲ್ವಾ ಅನ್ನಿಸಿತು ನನಗೂ. ಕಾಕಾ ಏನಂತಿದ್ದರೋ... ಅವರು ತೀರಿಕೊಂಡು ಎರಡು ವರ್ಷ ಆಯ್ತು. ತುಂಬಾ ಬೇಜಾರಾಗುತ್ತೆ. ಈ ಸಲ ಗುದ್ದಾಟದ ಪರ ಕೈ ಎತ್ತೋಕೆ ನಾನು ರೆಡಿ, ನನ್ನ ಜೊತೆ ಜಗಳ ಆಡೋಕೆ ಅವರೇ ಇಲ್ಲ.