ಕೆನ್ನೆಯೊಳಗಿನ ಬಿಳಿ ಗೆರೆಗಳು

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ. ಸೂಲಿಬೆಲೆಯಲ್ಲಿ ನಾನು ದಂತವೈದ್ಯನಾಗಿ ಕ್ಲಿನಿಕ್ ನಡೆಸುತ್ತಿದ್ದೆ. ಒಂದು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ನೇರವಾಗಿ ಬಂದ ರತ್ನಮ್ಮ, ಕುರ್ಚಿಯಲ್ಲಿ ಕೂತರೂ ಬಾಯಿ ತೆರೆಯಲಿಲ್ಲ. ಜೊತೆಗಿದ್ದ ಗಂಡ ಕೃಷ್ಣಪ್ಪನೇ ಹೇಳಿದರು: "ಆರು ತಿಂಗ್ಳಿಂದ ಖಾರ ಮುಟ್ಟಲ್ಲ ಸಾರ್. ತಟ್ಟೆ ಲೋಟ ಬೇರೆ ಇಟ್ಕೊಂಡವ್ಳೆ. ಮೊಮ್ಮಗೂನ ಎತ್ಕೊಳಲ್ಲ. ಯಾಕೆ ಅಂದ್ರೆ ಹೇಳಲ್ಲ."

ಅವರನ್ನು ಹೊರಗೆ ಕೂರಿಸಿದ ಮೇಲೆ ಆಕೆ ಮೆಲ್ಲಗೆ ಅಂದರು, "ನಮ್ಮತ್ತೆಗೆ ಬಂದಿದ್ದೇ ನಂಗೂ ಬಂದದೆ."

ಹೊಗೆಸೊಪ್ಪು ಜಗಿಯುತ್ತಿದ್ದ ಅತ್ತೆ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಕೊನೆಯವರೆಗೂ ಅವರ ಗಾಯ ತೊಳೆದವರು ಈ ಸೊಸೆಯೇ. ಅದೇ ರೋಗ ತನಗೆ ಅಂಟಿದೆ, ಮಗುವಿಗೂ ಅಂಟೀತು ಎಂದು ದೂರ ಉಳಿದಿದ್ದರು.

ಎಡಗೆನ್ನೆಯ ಒಳಗೆ ಬಲೆಯಂತೆ ಬಿಳಿ ಗೆರೆಗಳು, ನಡುವೆ ಕೆಂಪು ಹುಣ್ಣು. ನನಗೂ ಮೊದಲು ಬಂದದ್ದು ಕ್ಯಾನ್ಸರಿನ ಅನುಮಾನವೇ. ಆದರೆ ಹುಣ್ಣಿದ್ದದ್ದು ಹಲ್ಲಿನ ಲೋಹದ ಕ್ಯಾಪ್ ತಾಗುವ ಜಾಗದಲ್ಲಿ ಮಾತ್ರ. ಅದನ್ನು ಬೇರೆಲ್ಲೋ ಹಾಕಿಸಿದ್ದರು. ಕಿವಿಯಲ್ಲಿ ಓಲೆ ಇರಲಿಲ್ಲ, ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿದ್ದರು. ಯಾಕೆಂದು ಕೇಳಿದೆ.

"ರೋಲ್ಡ್‌ಗೋಲ್ಡ್ ಹಾಕುದ್ರೆ ಕಿವಿ ಸೋರ್ತದೆ. ಮೊದ್ಲಿಂದ್ಲೂ ಹಂಗೇ."

ಅಗ್ಗದ ಓಲೆಗಳಲ್ಲೂ ಅಂಥ ಎಷ್ಟೋ ಕ್ಯಾಪ್‌ಗಳಲ್ಲೂ ನಿಕಲ್ ಇರುತ್ತದೆ. ಕೆಲವರ ಮೈಗೆ ಅದು ಆಗುವುದಿಲ್ಲ.

ಹುಣ್ಣಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದೆ. ಬೆಂಗಳೂರಿನ ಚರ್ಮವೈದ್ಯರೊಬ್ಬರು ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಮಾಡಿದರು. ನಿಕಲ್ ತಾಗಿದ ಕಡೆ ಚರ್ಮ ಕೆಂಪಾಗಿ ಊದಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಹಳೆಯ ಕ್ಯಾಪ್ ಕತ್ತರಿಸಿ ತೆಗೆದು ಲೋಹವಿಲ್ಲದ ಸೆರಾಮಿಕ್ ಕ್ಯಾಪ್ ಕೂರಿಸಿದೆ. ಎರಡು ತಿಂಗಳಲ್ಲಿ ಹುಣ್ಣು ಮಾಯಿತು.

ಕನ್ನಡಿ ಹಿಡಿದು ತೋರಿಸಿದೆ. ರತ್ನಮ್ಮ ಬೆರಳಿನಿಂದ ಕೆನ್ನೆ ಎಳೆದು ನೋಡಿಕೊಂಡರು.

"ವಾಸಿಯಾಯ್ತು ಸಾರ್. ಆ ವಾಸ್ನೆ ಮಾತ್ರ ಹೋಗಿಲ್ಲ."

"ಯಾವ ವಾಸನೆ?"

"ಅತ್ತೆ ಗಾಯದ್ದು. ಉಣ್ಣಕ್ಕೆ ಕೂತ್ರೆ ಬರ್ತದೆ."

ಬಗ್ಗಿ ಮೂಸಿ ನೋಡಿದೆ. ಏನೂ ಇರಲಿಲ್ಲ. ಹಾಗೆಂದು ಹೇಳಿದೆ, ಆಕೆ ತಲೆಯಾಡಿಸಿದರು, ನಂಬಲಿಲ್ಲ. ಹೊಸಕೋಟೆಯ ಮನೋವೈದ್ಯರಿಗೆ ತೋರಿಸಿ ಎಂದರೆ, ಊರವರು ಏನಂದುಕೊಂಡಾರೆಂದು ಹೋಗಲಿಲ್ಲ. ಮುಂದೊಮ್ಮೆ ಸಿಕ್ಕ ಕೃಷ್ಣಪ್ಪ ಹೇಳಿದರು, "ಮಗೂನ ಈಗ ಎತ್ಕೊತಾಳೆ ಸಾರ್. ಮುಖ ಮಾತ್ರ ಆ ಕಡೆ ತಿರುಗಿಸ್ಕೊಂಡಿರ್ತಾಳೆ."

ಲೋಹ ಕೂರಿಸುವ ಮುಂಚೆ ಅಲರ್ಜಿ ವಿಚಾರಿಸಬೇಕೆಂದು ನಮಗೆ ಕಾಲೇಜಿನಲ್ಲೇ ಕಲಿಸಿದ್ದರು. ರೋಗಿ ತನ್ನ ನೋವಿಗೆ ಒಳಗೊಳಗೇ ಯಾವ ಹೆಸರಿಟ್ಟುಕೊಂಡಿದ್ದಾನೆ ಎಂದು ಕೇಳುವುದನ್ನು ಕಲಿಸಿದ್ದು ರತ್ನಮ್ಮ. ಈಗ ಅದನ್ನೇ ಮೊದಲು ಕೇಳುತ್ತೇನೆ. ಹೆಚ್ಚಿನವರು ಉತ್ತರ ಕೊಡುವ ಮುಂಚೆ, ಹೊರಗೆ ಕೂತ ಮನೆಯವರಿಗೆ ಕೇಳಿಸೀತೇ ಎಂದು ಒಮ್ಮೆ ಬಾಗಿಲ ಕಡೆ ನೋಡುತ್ತಾರೆ.